ಪ್ರೆಶರ್ ಬ್ಯಾಂಡೇಜ್ ಎಷ್ಟು ಬಿಗಿಯಾಗಿರಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮಣ್ಣನ ಮುಂದೋಳಿಗೆ ಆಳವಾದ ಗಾಯವಾಗಿತ್ತು. ಬ್ಯಾಂಡೇಜ್ ಕಟ್ಟಿದ ಮೇಲೂ ರಕ್ತ ಒಸರುತ್ತಿತ್ತು. ಒಬ್ಬರು ಬಿಚ್ಚಿ ಹೊಸದು ಕಟ್ಟು ಅಂದರು, ಇನ್ನೊಬ್ಬರು ಇನ್ನೂ ಬಿಗಿ ಮಾಡು ಅಂದರು. ಯಾವುದು ಸರಿ?

ಉತ್ತರ: ಎರಡಕ್ಕೂ ಮೊದಲು ಆಗಬೇಕಾದ ಕೆಲಸ ಕೈಯಿಂದ ಒತ್ತುವುದು. ಬಟ್ಟೆ ಮಡಚಿ ಗಾಯದ ಮೇಲಿಟ್ಟು, ಅಂಗೈಯಿಂದ ಗಟ್ಟಿಯಾಗಿ 10 ನಿಮಿಷ ಒತ್ತಿ. ನಡುವೆ ಎತ್ತಿ ನೋಡಲೇಬೇಡಿ. ರಕ್ತ ಹೆಪ್ಪುಗಟ್ಟಲು ಸಮಯ ಬೇಕು, ಎತ್ತಿದಾಗೆಲ್ಲ ಆ ಎಳೆಯ ಹೆಪ್ಪು ಕಿತ್ತುಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ ಹೊತ್ತು ಬೇಕಾಗುತ್ತದೆ.

ಬ್ಯಾಂಡೇಜ್ ಬರುವುದು ಆಮೇಲೆ, ಕೈ ಮಾಡುತ್ತಿದ್ದ ಕೆಲಸ ಮುಂದುವರಿಸಲು. ಒತ್ತಡ ಬೀಳಬೇಕಾದ್ದು ಗಾಯದ ಮೇಲೆ, ಇಡೀ ತೋಳಿನ ಸುತ್ತ ಅಲ್ಲ. ಅದಕ್ಕೇ ಗಾಯದ ಮೇಲೆ ಮಡಚಿದ ಬಟ್ಟೆಯ ದಪ್ಪ ಮಡಿಕೆ ಇರಬೇಕು. ಮಡಿಕೆ ತೆಳುವಾಗಿದ್ದರೆ ಎಷ್ಟು ಬಿಗಿದರೂ ಸುಮ್ನೆ ತೋಳು ಹಿಸುಕಿದಂತಾಗುತ್ತದೆ ಅಷ್ಟೇ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ.

ಇನ್ನು ನಿಮ್ಮ ಪ್ರಶ್ನೆ. ರಕ್ತ ನೆನೆದು ಬಂದರೆ ಬಿಚ್ಚದೆ, ಮೇಲೆ ಇನ್ನೊಂದು ಮಡಿಕೆ ಇಟ್ಟು ಕಟ್ಟಿ. ಅದೂ ನೆನೆದರೆ ಒತ್ತಡ ಸರಿಯಾದ ಜಾಗಕ್ಕೆ ಬೀಳುತ್ತಿಲ್ಲ. ಆಗ ಎಲ್ಲ ತೆಗೆದು, ರಕ್ತ ಎಲ್ಲಿಂದ ಬರುತ್ತಿದೆ ನೋಡಿ, ಅಲ್ಲೇ ನೇರವಾಗಿ ಒತ್ತಿ. ಪದರದ ಮೇಲೆ ಪದರ ಪೇರಿಸುತ್ತಾ ಹೋದರೆ ಒತ್ತಡ ಹರಡಿ ಕಡಿಮೆಯಾಗುತ್ತದೆ. ಇಷ್ಟು ರಕ್ತ ಹೋಗುತ್ತಿದೆ ಅಂದರೆ ಆಂಬುಲೆನ್ಸ್ ಆಗಲೇ ಹೊರಟಿರಬೇಕು.

ಪ್ರಶ್ನೆ: ಜಾಸ್ತಿ ಬಿಗಿಯಾಯಿತು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಉಗುರು ಒತ್ತಿ ಬಿಡಿ. ಬಿಳಿಚಿದ ಉಗುರು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತಡವಾದರೆ, ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಬ್ಯಾಂಡೇಜನ್ನು ಸ್ವಲ್ಪ ಸಡಿಲಿಸಿ. ಮಡಿಕೆಯನ್ನು ಮಾತ್ರ ಕದಲಿಸಬೇಡಿ. 10 ನಿಮಿಷಕ್ಕೊಮ್ಮೆ ಹೀಗೆ ನೋಡುತ್ತಿರಿ.

ಪ್ರಶ್ನೆ: ಗಾಯದಲ್ಲಿ ಗಾಜಿನ ಚೂರು ಚುಚ್ಚಿಕೊಂಡಿದ್ದರೆ ಎಳೆದು ತೆಗೆದು ಕಟ್ಟಬಹುದಾ?

ಉತ್ತರ: ಖಂಡಿತ ಬೇಡ. ಆ ಚೂರೇ ಹರಿದ ರಕ್ತನಾಳಕ್ಕೆ ಬಿರಡೆಯಾಗಿರಬಹುದು. ಎರಡು ಪಕ್ಕಕ್ಕೂ ಬಟ್ಟೆ ಸುರುಳಿ ಇಟ್ಟು, ಚೂರಿನ ಮೇಲೆ ಒತ್ತಡ ಬೀಳದಂತೆ ಕಟ್ಟಿ. ಕುತ್ತಿಗೆಯ ಗಾಯವಾದರೆ ಸುತ್ತ ಬಿಗಿಯಬಾರದು, ಉಸಿರು ಕಟ್ಟುತ್ತದೆ. ಅಲ್ಲಿ ಕೈಯಿಂದಲೇ ಒತ್ತಿ ಹಿಡಿಯಬೇಕು.

ಪ್ರಶ್ನೆ: ಟೂರ್ನಿಕೆಟ್ (ರಕ್ತದ ಹರಿವನ್ನೇ ನಿಲ್ಲಿಸಲು ಕೈಕಾಲಿನ ಸುತ್ತ ಬಿಗಿಯುವ ಪಟ್ಟಿ) ಕಟ್ಟುವುದು ಯಾವಾಗ?

ಉತ್ತರ: ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದಿದ್ದಾಗ ಮಾತ್ರ. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಿರಿ. ತುಂಬಾ ನೋಯುತ್ತದೆ, ಅದನ್ನು ಕಂಡು ಸಡಿಲಿಸಬೇಡಿ. ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆಯಲ್ಲಿ ನಾವು ಮೊದಲು ಕೇಳುವುದೇ ಅದನ್ನು.