ಹಾಸನದಿಂದ ಆಂಟ್‌ವರ್ಪ್‌ಗೆ ಕಾಫಿ: ಇಂಗಾಲ ಕಡಿಮೆ ಇರುವ ದಾರಿ ಯಾವುದು, ಅದರಿಂದ ಲಾಭ ಯಾರಿಗೆ?

ಕಾಫಿಕಣಜ:
ಎಲ್ಲರಿಗೂ ನಮಸ್ಕಾರ. ಹಾಸನದ ಕ್ಯೂರಿಂಗ್ ವರ್ಕ್ಸ್‌ನಿಂದ (ಕಾಫಿ ಹದಮಾಡುವ ಕಾರ್ಖಾನೆ) ಬೆಲ್ಜಿಯಂನ ಆಂಟ್‌ವರ್ಪ್‌ಗೆ 20 ಅಡಿ ಕಂಟೇನರ್‌ನಲ್ಲಿ ರೊಬಸ್ಟಾ ಹೋಗಬೇಕು. 60 ಕೆಜಿಯ 320 ಗೋಣಿಚೀಲ, ಅಂದರೆ 19.2 ಟನ್. ಕೊಳ್ಳುವವರು ಈ ಸಲ ದರದ ಜೊತೆಗೆ ಸಾಗಣೆಯ ಇಂಗಾಲದ ಲೆಕ್ಕವನ್ನೂ ಕೇಳಿದ್ದಾರೆ. ಒಂದು ದಾರಿ ಮಂಗಳೂರಿನಿಂದ ಫೀಡರ್ ಹಡಗಿನಲ್ಲಿ (ದೊಡ್ಡ ಹಡಗಿಗೆ ಸರಕು ಮುಟ್ಟಿಸುವ ಚಿಕ್ಕ ಹಡಗು) ಕೊಲಂಬೊ, ಅಲ್ಲಿಂದ ದೊಡ್ಡ ಹಡಗು. ಇನ್ನೊಂದು ಲಾರಿಯಲ್ಲಿ ಚೆನ್ನೈಗೆ ಒಯ್ದು ಅಲ್ಲಿಂದ ನೇರ ಹಡಗು. ಯಾವುದು ವಾಸಿ? ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದರೆ ಲೆಕ್ಕ ಎಷ್ಟು ಏರುತ್ತದೆ? ಮಾರುವವರಿಗೆ ಇದರಿಂದ ಲಾಭ ಉಂಟೇ?

ಪಣಂಬೂರುಗಾಳಿ:
ಸರ್, ಕಡಲಿಗಿಂತ ಮೊದಲು ರಸ್ತೆಯ ಲೆಕ್ಕ ಹಾಕಿ. ಹೆಚ್ಚಿನವರು ಎಡವುವುದು ಅಲ್ಲೇ.

ಹಾಸನದಿಂದ ಪಣಂಬೂರಿಗೆ, ಅಂದರೆ ಮಂಗಳೂರು ಬಂದರಿಗೆ, ಸುಮಾರು 180 ಕಿ.ಮೀ. ಖಾಲಿ ಕಂಟೇನರ್ ಬಂದರಿನಿಂದ ಮೇಲೆ ಬರಬೇಕು, ತುಂಬಿದ್ದು ಕೆಳಗೆ ಇಳಿಯಬೇಕು. ಹಾಗಾಗಿ 360 ಕಿ.ಮೀ. ಎಂದೇ ಹಿಡಿಯಿರಿ. ಲಾರಿ ಲೀಟರಿಗೆ ಸರಾಸರಿ 3.6 ಕಿ.ಮೀ. ಕೊಟ್ಟರೆ 100 ಲೀಟರ್ ಡೀಸೆಲ್. ಒಂದು ಲೀಟರ್ ಉರಿದರೆ 2.68 ಕೆಜಿ ಕಾರ್ಬನ್ ಡೈಆಕ್ಸೈಡ್, ಒಟ್ಟು 268 ಕೆಜಿ. ಚೆನ್ನೈಗೆ 530 ಕಿ.ಮೀ., ಹೋಗಿ ಬರಲು 1,060. ಅದೇ ಲೆಕ್ಕದಲ್ಲಿ ಸುಮಾರು 790 ಕೆಜಿ. ವ್ಯತ್ಯಾಸ 520 ಕೆಜಿ.

ಈಗ ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಸುತ್ತುವುದಕ್ಕೆ ಬನ್ನಿ. ಅದರಿಂದ ಸುಮಾರು 3,500 ನಾಟಿಕಲ್ ಮೈಲಿ, ಅಂದರೆ 6,500 ಕಿ.ಮೀ. ಹೆಚ್ಚಾಗುತ್ತದೆ. ದೊಡ್ಡ ಹಡಗಿನಲ್ಲಿ ಒಂದು 20 ಅಡಿ ಕಂಟೇನರ್‌ಗೆ ಕಿ.ಮೀ.ಗೆ 50 ಗ್ರಾಂ ಎಂದು ಉದಾಹರಣೆಗೆ ಇಟ್ಟುಕೊಂಡರೆ 325 ಕೆಜಿ. ಇಡೀ ಆಫ್ರಿಕಾ ಸುತ್ತಿದ್ದಕ್ಕಿಂತ ಲಾರಿಯಲ್ಲಿ ಚೆನ್ನೈಗೆ ಹೋಗಿದ್ದೇ ದುಬಾರಿ!

ಫೀಡರ್ ಚಿಕ್ಕ ಹಡಗು, ಕಂಟೇನರ್ ಒಂದಕ್ಕೆ ಹೆಚ್ಚು ಇಂಧನ ಕುಡಿಯುತ್ತದೆ, ನಿಜ. ದೊಡ್ಡ ಹಡಗಿನ ಮೂರು ಪಟ್ಟು ಎಂದರೂ ಕೊಲಂಬೊಗೆ 900 ಕಿ.ಮೀ.ಗೆ 135 ಕೆಜಿ. ಚೆನ್ನೈ ಹಡಗೂ ರಾಮಸೇತುವಿನ ಬಳಿ ಆಳ ಸಾಲದೆ ಶ್ರೀಲಂಕಾವನ್ನು ಸುತ್ತಿಯೇ ಪಶ್ಚಿಮಕ್ಕೆ ಬರಬೇಕು. ಹಾಗಾಗಿ ಮಂಗಳೂರೇ ವಾಸಿ. ಇನ್ನು ಚೆನ್ನೈಯೇ ಅನಿವಾರ್ಯವಾದರೆ ಬೆಂಗಳೂರಿನ ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೊ) ರೈಲಿಗೆ ಹತ್ತಿಸಿ. ರಸ್ತೆಯ ಪಾಲು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ.

ಮಳೆಗಾಲದಲ್ಲಿ ಮಾತ್ರ ಎಚ್ಚರ. ದೋಣಿಗಾಲ್ ಬಳಿ ಗುಡ್ಡ ಜರಿದು ಶಿರಾಡಿ ಘಾಟಿ ಬಂದ್ ಆದರೆ ಲಾರಿ ಬಳಸು ದಾರಿ ಹಿಡಿಯುತ್ತದೆ, ಫೀಡರ್ ಕೈತಪ್ಪುತ್ತದೆ. ಕಟ್‌ಆಫ್‌ಗೆ, ಅಂದರೆ ಕಂಟೇನರ್ ಒಪ್ಪಿಸುವ ಕೊನೆಯ ಗಡುವಿಗೆ, ಎರಡು ದಿನ ಮೊದಲೇ ಬಂದರಿನ ಗೇಟ್ ಒಳಗೆ ಇರಲಿ.

ನಿಧಾನಗಂಟು:
ಮೇಲಿನ ಲೆಕ್ಕ ಸರಿಯಾಗಿದೆ. ವೇಗದ ಮಾತು ಸೇರಿಸುತ್ತೇನೆ, ಕಡಲಲ್ಲಿ ನಿಜವಾದ ಉಳಿತಾಯ ಇರುವುದು ಅಲ್ಲೇ. ಎಂಜಿನ್‌ಗೆ ಬೇಕಾದ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ದೂರಕ್ಕೆ ಬೇಕಾದ ಇಂಧನ ವೇಗದ ವರ್ಗಕ್ಕೆ ತಕ್ಕಂತೆ. 18 ನಾಟ್‌ನಿಂದ (ಗಂಟೆಗೆ 18 ನಾಟಿಕಲ್ ಮೈಲಿ) 16ಕ್ಕೆ ಇಳಿದರೆ ಇಂಧನ ಶೇ 21ರಷ್ಟು ಕಡಿಮೆ. ಕೊಲಂಬೊದಿಂದ ಸೂಯೆಜ್ ಮೂಲಕ ಆಂಟ್‌ವರ್ಪ್‌ಗೆ ಇರುವ ಸುಮಾರು 6,700 ನಾಟಿಕಲ್ ಮೈಲಿಗೆ ಹೆಚ್ಚುವ ಸಮಯ ಎರಡು ದಿನ, ಅಷ್ಟೇ. ಕೇಪ್ ದಾರಿಯಲ್ಲಿ ತಡವಾಯಿತೆಂದು ವೇಗ ಏರಿಸಿದರೆ ಇದೇ ಗಣಿತ ಉಲ್ಟಾ ಹೊಡೆಯುತ್ತದೆ. ಆದ್ದರಿಂದ ದೂರ ನೋಡಿ ಹಡಗು ಆರಿಸಬೇಡಿ, ಆ ಸರ್ವಿಸ್ ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂದೂ ಕೇಳಿ.

ದಿನ ಹೆಚ್ಚಾದರೆ ಕಾಫಿಗೆ ಕುತ್ತು. ಚಳಿಗಾಲದಲ್ಲಿ ಯುರೋಪಿನ ತಂಪು ನೀರಿಗೆ ಹೋದಾಗ ಕಂಟೇನರ್‌ನ ಸೂರು ಬೆವರಿ, ಹನಿ ಮೇಲಿನ ಚೀಲಗಳ ಮೇಲೆ ಬೀಳುತ್ತದೆ. ಬೂಷ್ಟು ಹಿಡಿಯುವುದು ಹೀಗೆ. ಬೀಜದ ತೇವಾಂಶ ಶೇ 12.5 ದಾಟಬಾರದು. ಗೋಡೆಗೂ ಸೂರಿಗೂ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತೂಗುಹಾಕಿ. ನೆಲದ ಹಲಗೆ ಹಸಿಯಾಗಿದ್ದರೆ ಆ ಕಂಟೇನರ್ ವಾಪಸ್ ಕಳಿಸಿ. ಹಾಳಾದ 19 ಟನ್ ಕಾಫಿಯ ಇಂಗಾಲದ ಮುಂದೆ ದಾರಿಯಲ್ಲಿ ಉಳಿಸಿದ್ದು ಏನೇನೂ ಅಲ್ಲ.

ಕಾಫಿಕಣಜ:
ತುಂಬ ಉಪಕಾರವಾಯಿತು. ನಮ್ಮದು ಎಫ್‌ಒಬಿ ಮಂಗಳೂರು, ಅಂದರೆ ಅಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಮಾತ್ರ ನಮ್ಮದು. ಹಾಗಾದರೆ ಕಡಲ ಪಾಲು ನಮ್ಮ ಕೈಯಲ್ಲಿ ಇಲ್ಲವಲ್ಲ?

ಲೇಡಿಂಗ್‌ಬಿಲ್ಲು:
ಇಲ್ಲ. ಎಫ್‌ಒಬಿಯಲ್ಲಿ ಹಡಗು ಆರಿಸುವವರು, ಬಾಡಿಗೆ ಕಟ್ಟುವವರು ಕೊಳ್ಳುವವರು. ಕಾರ್ಖಾನೆಯಿಂದ ಬಂದರಿನವರೆಗಿನ ಲೆಕ್ಕ ಮಾತ್ರ ನೀವು ಕೊಡಿ. ಲಾರಿ ಮಾಲೀಕರಿಂದ ಡೀಸೆಲ್ ಲೀಟರ್, ಕಿ.ಮೀ. ಬರೆಸಿಕೊಂಡು ಸಾಗಣೆಯ ಹೊಗೆ ಲೆಕ್ಕದ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 14083 ಪ್ರಕಾರ ಎಂದು ನಮೂದಿಸಿ. ಆ ಮಾನಕ ಡೀಸೆಲ್ ತಯಾರಿಸಿ ತರುವ ಪಾಲನ್ನೂ ಕೇಳುತ್ತದೆ, 2.68ರಲ್ಲಿ ಅದು ಸೇರಿಲ್ಲ.

ಹಣದ ಲಾಭ ಹೀಗಿದೆ. ಹೊಗೆಗೆ ಹಣ ತೆರಿಸುವ ಯುರೋಪಿಯನ್ ಒಕ್ಕೂಟದ ಇಂಗಾಲ ವ್ಯವಸ್ಥೆ 2024ರಿಂದ ಹಡಗುಗಳಿಗೂ ಅನ್ವಯ. ಹೊರಗಿನಿಂದ ಬರುವ ಪಯಣದ ಅರ್ಧ ಹೊಗೆ ಲೆಕ್ಕಕ್ಕೆ ಬರುತ್ತದೆ. ಆ ಅರ್ಧದಲ್ಲಿ ಹಣ ತೆರಬೇಕಾದ ಪಾಲು 2024ರ ಹೊಗೆಗೆ ಶೇ 40, 2025ರದ್ದಕ್ಕೆ ಶೇ 70, 2026ರಿಂದ ಪೂರ್ತಿ. ಹಡಗು ಕಂಪನಿಗಳು ಇದನ್ನು ಕಂಟೇನರ್‌ಗೆ ಇಷ್ಟು ಎಂದು ಸರ್‌ಚಾರ್ಜ್ ಹಾಕುತ್ತವೆ. ಅದರ ಮೇಲೆ 2025ರಿಂದ ಇಂಧನದ ನಿಯಮವೂ ಬಂದಿದೆ: ಹಡಗು ಬಳಸುವ ಶಕ್ತಿಯ ಪ್ರತಿ ಅಳತೆಗೆ ಬರುವ ಹೊಗೆಯಲ್ಲಿ ಶೇ 2ರಷ್ಟು ಇಳಿಕೆ, 2030ಕ್ಕೆ ಶೇ 6. ಸಿಐಎಫ್‌ನಲ್ಲಿ, ಅಂದರೆ ಹಡಗಿನ ಬಾಡಿಗೆ, ವಿಮೆ ಸೇರಿಸಿದ ದರದಲ್ಲಿ, ಮಾರಿದರೆ ಈ ಸರ್‌ಚಾರ್ಜ್ ನಿಮ್ಮ ಮೇಲೆಯೇ ಬೀಳುತ್ತದೆ, ದರ ಹೇಳುವ ಮೊದಲೇ ಕೇಳಿಕೊಳ್ಳಿ.

ಎಫ್‌ಒಬಿ ಮಾರುವವರಿಗೆ ಈ ಹಣ ನೇರವಾಗಿ ಬರುವುದಿಲ್ಲ. ಆದರೆ ಕೊಳ್ಳುವವರ ವರದಿಯಲ್ಲಿ ನಿಮ್ಮ ಕಾಫಿಯ ಅಂಕಿ ಅಳತೆ ಮಾಡಿದ್ದಾಗಿದ್ದರೆ, ಅಂದಾಜಿನ ಅಂಕಿ ಕೊಟ್ಟವರಿಗಿಂತ ನೀವು ಮುಂದೆ. ಕಡಲ ಲೆಕ್ಕ ಅವರೇ ಹಾಕುವಾಗ ಒಂದು ತಪ್ಪು ಆಗುತ್ತದೆ: ಹಡಗು ಅತಿ ಹತ್ತಿರದ ದಾರಿಯಲ್ಲೇ ಹೋಗದ ಕಾರಣ ಆ ದೂರಕ್ಕೆ ಶೇ 15 ಸೇರಿಸುವುದು ರೂಢಿ, ಹೊಗೆಯ ಕೆಲವು ಕೋಷ್ಟಕಗಳಲ್ಲಿ ಅದು ಮೊದಲೇ ಸೇರಿರುತ್ತದೆ. ಎರಡು ಸಲ ಕೂಡಿಸದಂತೆ ಹೇಳಿ.

ಪಣಂಬೂರುಗಾಳಿ:
ಇನ್ನೊಂದು ಮಾತು ಬಿಟ್ಟುಹೋಗಿತ್ತು. ಕೊಳ್ಳುವವರು ಒಪ್ಪಿದರೆ ಗೋಣಿಚೀಲ ಬಿಟ್ಟು, ಕಂಟೇನರ್ ಒಳಗೆ ಲೈನರ್ (ಇಡೀ ಕಂಟೇನರ್ ಅಳತೆಯ ಒಳಚೀಲ) ಹಾಕಿ ಬೀಜವನ್ನು ಸಡಿಲವಾಗಿ ತುಂಬಿ. 21 ಟನ್ ಹಿಡಿಯುತ್ತದೆ. ಅದೇ ಲಾರಿ, ಅದೇ ಹಡಗು, ಕೆಜಿ ಕಾಫಿಗೆ ಇಂಗಾಲ ಶೇ 8ಕ್ಕೂ ಹೆಚ್ಚು ಕಡಿಮೆ. ಬಾಗಿಲ ಬಳಿ ತಡೆಹಲಗೆ ಬಿಗಿಯಾಗಿರಲಿ, ಇಲ್ಲದಿದ್ದರೆ ಭಾರ ಲೈನರ್ ಮೇಲೆ ಬಿದ್ದು ಅದು ಹರಿದುಹೋಗುತ್ತದೆ.