ನೆಟ್ ಕಂಪನಿ ನಮ್ಮ ಬ್ರೌಸಿಂಗ್ ನೋಡುತ್ತದಾ?

ಪ್ರಶ್ನೆ (ರಾಯಚೂರು): ಮೊಬೈಲ್‌ನಲ್ಲಿ ಸಿಂಧನೂರಿನ ಭತ್ತದ ರೇಟು ನೋಡಿದರೆ ಸಾಕು, ಆಮೇಲೆ ಎಲ್ಲೆಲ್ಲೂ ಟ್ರ್ಯಾಕ್ಟರ್ ಸಾಲದ ಜಾಹೀರಾತು. ಬಿಲ್ ಕಟ್ಟಿಸಿಕೊಂಡು ನಮ್ಮನ್ನೇ ಮಾರೋದಾ?

ಉತ್ತರ 1: ಅದು ಜಾಸ್ತಿ ಆ್ಯಪ್, ವೆಬ್‌ಸೈಟುಗಳ ಕೆಲಸ. ಸೈಟಿನ ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ (https, ಅಂದರೆ ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುವ ವಿಧಾನ) ಇದ್ದರೆ ನೆಟ್ ಕಂಪನಿಗೆ ಪುಟದೊಳಗಿನದು ಕಾಣುವುದಿಲ್ಲ. ಯಾವ ಸೈಟಿಗೆ ಹೋದಿರಿ ಅನ್ನೋದು ಮಾತ್ರ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಉತ್ತರ 2 (ಕೊಪ್ಪಳ): ಅಷ್ಟೇ ಸಾಕಲ್ವಾ! ಬ್ರಿಟನ್‌ನಲ್ಲಿ ಬಿಟಿ (ಬ್ರಿಟಿಷ್ ಟೆಲಿಕಾಂ) ಅನ್ನುವ ನೆಟ್ ಕಂಪನಿ 2006, 2007ರಲ್ಲಿ ಗ್ರಾಹಕರಿಗೆ ಹೇಳದೆಯೇ ಫಾರ್ಮ್ (Phorm) ಅನ್ನುವ ಜಾಹೀರಾತು ಸಂಸ್ಥೆಯ ವ್ಯವಸ್ಥೆ ಹಾಕಿ ಬ್ರೌಸಿಂಗ್ ಗಮನಿಸಿತ್ತು, ವಿಷಯ ಹೊರಬಿದ್ದ ಮೇಲೆ ಜನ ಗಲಾಟೆ ಎಬ್ಬಿಸಿದರು, ಸಹಿ ಹಾಕಿ ಅರ್ಜಿ ಕೊಟ್ಟರು, 2009ರಲ್ಲಿ ಬಿಟಿ ಅದನ್ನು ಕೈಬಿಟ್ಟಿತು.

ಪ್ರಶ್ನೆ ಕೇಳಿದವರು: ನಮ್ಮಲ್ಲಿ?

ಉತ್ತರ 1: 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಒಪ್ಪಿಗೆಗೆ ಒತ್ತು ಕೊಡುತ್ತದೆ. ಕನೆಕ್ಷನ್ ಫಾರಂನ ಸಣ್ಣಕ್ಷರ ಮೊದಲು ಓದಿ, ಅಲ್ಲೇ ಒಪ್ಪಿಗೆ ಬರೆಸಿಕೊಂಡಿರಬಹುದು.