ಪದಚರ್ಚೆ: ‘ಭಂಗ’ವೋ ‘ಉಲ್ಲಂಘನೆ’ಯೋ, ಅಳೆಯುವುದು ‘ಚದರಿಕೆ’ಯನ್ನೋ?

ಪ್ರಶ್ನೆ: ಲ್ಯಾಂಥನಮ್-139ರ ಮೇಲಿನ ನ್ಯೂಟ್ರಾನ್ ಪ್ರಯೋಗಗಳ ಬಗ್ಗೆ ಬರೆಯುವಾಗ ‘ಪ್ಯಾರಿಟಿ ಭಂಗ’ ಎನ್ನಬೇಕೋ ‘ಪ್ಯಾರಿಟಿ ಉಲ್ಲಂಘನೆ’ ಎನ್ನಬೇಕೋ (ಪ್ಯಾರಿಟಿ ಎಂದರೆ ಕನ್ನಡಿಬಿಂಬದಲ್ಲೂ ನಿಯಮ ಒಂದೇ ಆಗಿರುವ ಸಮಮಿತಿ)? ‘ನ್ಯೂಟ್ರಾನ್ ಚದರಿಕೆಯಿಂದ (ಸ್ಕ್ಯಾಟರಿಂಗ್) ಅಳೆದರು’ ಎಂದರೆ ಸರಿಯೇ?

ಉತ್ತರ: ಉಲ್ಲಂಘನೆ ಎನ್ನಿ. ‘ಭಂಗ’ ಕಬ್ಬಿಣ ಕಾಂತವಾಗುವಂಥ ಕಡೆಗಿರಲಿ: ಅಲ್ಲಿ ನಿಯಮಕ್ಕೆ ಎಲ್ಲ ದಿಕ್ಕೂ ಒಂದೇ, ತುಂಡು ಮಾತ್ರ ಒಂದು ದಿಕ್ಕು ಹಿಡಿಯುತ್ತದೆ. ಇಲ್ಲಿ ದುರ್ಬಲ ಬಲದ (ಬೀಟಾ ಕ್ಷಯಕ್ಕೆ ಕಾರಣವಾದ ಬಲ) ನಿಯಮವೇ ಕನ್ನಡಿಯಲ್ಲಿ ಬೇರೆಯಾಗುತ್ತದೆ.

‘ಚದರಿಕೆ’ ಓದುಗರ ದಾರಿ ತಪ್ಪಿಸುತ್ತದೆ. ಡಿಟೆಕ್ಟರ್ ಎಣಿಸುವುದು ಗುರಿಯನ್ನು ನೇರ ಹಾದುಬಂದ ನ್ಯೂಟ್ರಾನ್‌ಗಳನ್ನು. ಚದರಿದವೂ ಹೀರಿಹೋದವೂ ಲೆಕ್ಕದಿಂದ ಬಿದ್ದುಹೋಗುತ್ತವೆ. ಸಿದ್ಧಾಂತದವರು ಒಟ್ಟು ಅಡ್ಡಛೇದವನ್ನು (ನ್ಯೂಟ್ರಾನ್ ನ್ಯೂಕ್ಲಿಯಸ್ಸಿಗೆ ಸಿಕ್ಕುವ ಸಂಭವದ ಅಳತೆ) ನೇರ ಮುಂದಕ್ಕಾಗುವ ಚದರಿಕೆಯ ಆಂಪ್ಲಿಟ್ಯೂಡಿನಿಂದ ಪಡೆಯುವುದರಿಂದ ಆ ಪದ ಶೀರ್ಷಿಕೆಗಳಲ್ಲಿ ಕೂತಿದೆ. ‘ಹಾದುಬಂದ ನ್ಯೂಟ್ರಾನ್‌ಗಳ ಎಣಿಕೆಯಿಂದ’ ಎಂದು ಬಿಡಿಸಿ ಬರೆಯಿರಿ.

ಕ್ರಮ ಹೀಗೆ. ಸ್ಪಿನ್ (ಕಣದ ಸಹಜ ಆವರ್ತನ ಗುಣ) ಒಂದೇ ದಿಕ್ಕಿಗಿರುವ ಹೀಲಿಯಮ್-3 ಅನಿಲದ ಮೂಲಕ ಕಿರಣವನ್ನು ಹಾಯಿಸುತ್ತಾರೆ. ಎದುರು ಸ್ಪಿನ್ನಿನ ನ್ಯೂಟ್ರಾನ್‌ಗಳನ್ನು ಅದು ಹೀರುತ್ತದೆ. ಉಳಿದವುಗಳ ಸ್ಪಿನ್ನನ್ನು ಚಲನೆಯ ದಿಕ್ಕಿಗೊಮ್ಮೆ, ಎದುರಿಗೊಮ್ಮೆ ತಿರುಗಿಸಿ ಗುರಿಗೆ ಬಿಡುತ್ತಾರೆ. ಶಕ್ತಿ ತಿಳಿಯುವುದು ಹಾರಾಟದ ಸಮಯದಿಂದ: 0.734 ಇವಿ (ಎಲೆಕ್ಟ್ರಾನ್ ವೋಲ್ಟ್) ನ್ಯೂಟ್ರಾನ್ 10 ಮೀಟರನ್ನು ಸುಮಾರು 0.84 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಈ ಶಕ್ತಿಯ ಪಿ-ಅಲೆ ಅನುರಣನೆಯಲ್ಲಿ (ಕೋನೀಯ ಸಂವೇಗ 1 ಇರುವ ನ್ಯೂಟ್ರಾನನ್ನು ನ್ಯೂಕ್ಲಿಯಸ್ ವಿಶೇಷವಾಗಿ ಹಿಡಿಯುವ ಸ್ಥಿತಿ) ಎರಡು ಸ್ಪಿನ್ ದಿಕ್ಕುಗಳ ಅಡ್ಡಛೇದಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸುಮಾರು 10 ಶೇಕಡ. ಬರಿಯ ಎರಡು ನ್ಯೂಕ್ಲಿಯಾನ್‌ಗಳ ನಡುವೆ ಇಂಥ ಪರಿಣಾಮ ಕೋಟಿಗೊಂದರ ಮಟ್ಟದ್ದು. ಪಕ್ಕದ ಎಸ್-ಅಲೆ (ಕೋನೀಯ ಸಂವೇಗ 0) ಸ್ಥಿತಿಗಳು ಪಿ-ಅಲೆಯೊಳಗೆ ಬೆರೆಯುವುದೇ ಈ ಹಿಗ್ಗುವಿಕೆಗೆ ಕಾರಣ. 1980ರ ದಶಕದ ಆರಂಭದಲ್ಲಿ ರಷ್ಯಾದ ಡುಬ್ನಾದ ಸಂಶೋಧನಾ ಕೇಂದ್ರದವರು ಇದನ್ನು ಕಂಡರು.

ಎಡವುವ ಜಾಗಗಳು: ಧ್ರುವೀಕರಣ (ಸ್ಪಿನ್‌ಗಳು ಒಂದೇ ದಿಕ್ಕಿಗಿರುವ ಪ್ರಮಾಣ) ಪೂರ್ಣವಿಲ್ಲದ್ದರಿಂದ ಎಣಿಕೆಯ ಕಚ್ಚಾ ವ್ಯತ್ಯಾಸ ನಿಜಕ್ಕಿಂತ ಕಡಿಮೆ ಬರುತ್ತದೆ, ಧ್ರುವೀಕರಣವನ್ನು ಬೇರೆಯಾಗಿ ಅಳೆದು ತಿದ್ದಬೇಕು. ದಾರಿಯಲ್ಲಿ ಸ್ಪಿನ್ನಿನ ದಿಕ್ಕನ್ನು ಕಾಯುವ ಮಾರ್ಗದರ್ಶಿ ಕಾಂತಕ್ಷೇತ್ರ ಎಲ್ಲಾದರೂ ಸೊನ್ನೆಗಿಳಿದರೆ ಸ್ಪಿನ್ ಚೆಲ್ಲಾಪಿಲ್ಲಿ. ತಿರುಗಿಸುವ ಸುರುಳಿಯ ಕ್ಷೇತ್ರ, ಡಿಟೆಕ್ಟರಿನ ಮಂದ ಬೆಳಕನ್ನು ವಿದ್ಯುತ್ತಾಗಿಸಿ ಹಿಗ್ಗಿಸುವ ಫೋಟೊಮಲ್ಟಿಪ್ಲೈಯರ್‌ಗೆ ತಗುಲಿ ಅದರ ಗಳಿಕೆ (ಹಿಗ್ಗಿಸುವ ಪ್ರಮಾಣ) ಬದಲಾದರೆ ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ಹೀಲಿಯಮ್ಮಿನ ಸ್ಪಿನ್ನನ್ನೂ ಆಗಾಗ ತಿರುಗಿಸಿದರೆ ಆ ಸುಳ್ಳು ವ್ಯತ್ಯಾಸ ನಿಜದ್ದರಿಂದ ಬೇರ್ಪಡುತ್ತದೆ. ಗುರಿ ದಪ್ಪವಾದಷ್ಟೂ ವ್ಯತ್ಯಾಸ ದೊಡ್ಡದು, ಆದರೆ ಹಾದುಬರುವ ನ್ಯೂಟ್ರಾನ್ ಕಡಿಮೆ. ಸುಮಾರು 13 ಶೇಕಡ ಹಾದುಬರುವಷ್ಟು ದಪ್ಪದಲ್ಲಿ ಅಂಕಿಅಂಶದ ದೋಷ ಕನಿಷ್ಠ.

ಇನ್ನೊಬ್ಬರ ಉತ್ತರ: ‘ಹೆಲಿಸಿಟಿ’ಯನ್ನು (ಸ್ಪಿನ್ ಚಲನೆಯ ದಿಕ್ಕಿಗಿದೆಯೋ ಎದುರಿಗೋ ಎಂಬುದು) ಹಾಗೇ ಇಡಿ, ‘ಬಲಗೈತನ’ ಬೇಡ. ಸ್ಪಿನ್ ಚಲನೆಯ ದಿಕ್ಕಿಗಿದ್ದರೆ ಧನ ಎಂದು ಮೊದಲೇ ಹೇಳಿಬಿಡಿ. ಅಂಕಿಯ ಜೊತೆ ಚಿಹ್ನೆಯೂ ಬರಬೇಕು: ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಥೋರಿಯಮ್-232ರ ಹಲವು ಅನುರಣನೆಗಳಲ್ಲಿ ಸ್ಪಷ್ಟವಾಗಿ ಕಂಡ ವ್ಯತ್ಯಾಸಗಳೆಲ್ಲ, ಧನ-ಋಣ ಬೆರೆತಿರುತ್ತವೆಂಬ ನಿರೀಕ್ಷೆಗೆ ವಿರುದ್ಧವಾಗಿ, ಧನವೇ ಆಗಿದ್ದವು, ಅಲ್ಲಿ ಒಗಟಾದದ್ದು ಗಾತ್ರವಲ್ಲ, ಚಿಹ್ನೆ.